ಅಮ್ಮನ ಅಳು ರಿಪೇರಿ ಮಾಡಿದ ಅಪರಾಧದ ಬಗ್ಗೆ

ಇಂದ:
ಕಿರಿಯ ತಮ್ಮ, ಕನ್ನಡಕದಂಗಡಿಯವನು,
ಸದ್ಯಕ್ಕೆ ವರಾಂಡದಲ್ಲಿ ವಾಸ.

ಗೆ:
ಅಕ್ಕನವರು,
ಮನೆಯ ಸರ್ವಾಧಿಕಾರಿಗಳು.

ವಿಷಯ: ರೆಕಾರ್ಡ್ ಪ್ಲೇಯರ್ ಮುಟ್ಟಬಾರದೆಂಬ ಆಜ್ಞೆಯನ್ನು ಒಂದೇ ಒಂದು ಹಾಡಿನ ಮಟ್ಟಿಗೆ ಸಡಿಲಿಸುವ ಕುರಿತು.

ಉಲ್ಲೇಖ: ತಮ್ಮ ಭಾನುವಾರದ ಮೌಖಿಕ ಆದೇಶ, "ಇನ್ಮೇಲೆ ಅದರ ತಂಟೆಗೆ ಬಂದ್ರೆ ಕೈ ಮುರೀತೀನಿ."

ಮಾನ್ಯರೇ,

ಎರಡೂ ಕೈ ಇನ್ನೂ ನೆಟ್ಟಗಿರುವಾಗಲೇ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಾವು ನರ್ಸ್ ತರಬೇತಿಗೆಂದು ಮನೆ ಬಿಟ್ಟ ಮರುವಾರ ಅಮ್ಮ ಸ್ಟುಡಿಯೋಗೆ ಹೋಗಿ ಹಾಡಿ ತಂದ ರೆಕಾರ್ಡು ಆ ಪ್ಲೇಯರಿನಲ್ಲಿರುವುದು. ಕೊನೆಯ ಹಾಡಿನಲ್ಲಿ ಅಮ್ಮನ ದನಿ ಒಡೆಯುವುದು ತಮಗಾಗಿ ಅತ್ತದ್ದರಿಂದಲೇ ಎಂದು, ಅಮ್ಮ ತೀರಿಕೊಂಡ ಮೇಲಂತೂ, ತಾವು ನಂಬಿರುತ್ತೀರಿ.

೨. ಭೂತಗನ್ನಡಿಯಲ್ಲಿ ನೋಡಲಾಗಿ, ಮುಳ್ಳು ಕೂತಿರುವ ಕಾರ್ಟ್ರಿಜ್ಜೇ ಸೊಟ್ಟಗಿರುವುದು ಕಂಡುಬಂದಿತು. ರೆಕಾರ್ಡಿನ ಅಂಚಿನಲ್ಲಿ ಗೆರೆಯ ಸುತ್ತು ದೊಡ್ಡದಾದ ಕಾರಣ ಸೊಟ್ಟ ಮುಳ್ಳೂ ಹೇಗೋ ಸಂಭಾಳಿಸುತ್ತದೆ. ಒಳಗೆ ಹೋದಂತೆ ಸುತ್ತು ಚಿಕ್ಕದು, ಹಾಡೆಲ್ಲ ಇಕ್ಕಟ್ಟಿನಲ್ಲಿ. ಆದ್ದರಿಂದ ಮುಳ್ಳು ಅಲ್ಲಿ ತಡವರಿಸಿ ಗೊರಗುಟ್ಟುತ್ತದೆ, ದನಿ ಒಡೆದಂತೆ ಕೇಳಿಸುತ್ತದೆ. ಸಾಲದ್ದಕ್ಕೆ, ರೆಕಾರ್ಡು ಸವೆಯಬಾರದೆಂಬ ಕನಿಕರದಿಂದ ಭಾವನವರು ಮುಳ್ಳು ಹೊತ್ತ ತೋಳಿನ ಭಾರವನ್ನು ತೀರಾ ಇಳಿಸಿಟ್ಟಿದ್ದರು. ಆ ಕಾರಣ ಮುಳ್ಳು ಗೆರೆಯಲ್ಲಿ ಊರದೆ, ಹಾಡು ಮುಗಿಯುತ್ತಲೇ ಸರ್ರನೆ ರೆಕಾರ್ಡಿನ ನಡುವೆ ಅಂಟಿಸಿದ ಕಾಗದಕ್ಕೆ ಜಾರುತ್ತಿತ್ತು.

೩. ಅರ್ಜಿದಾರನು ಅಂಗಡಿಯ ಪುಟಾಣಿ ಸ್ಕ್ರೂಡ್ರೈವರಿನಿಂದ ಎರಡನ್ನೂ ಸರಿಪಡಿಸಿ, ಶಹಬ್ಬಾಸ್‌ಗಿರಿಗೆ ಕಾದು ಕುಳಿತನು. ಅಮ್ಮನ ದನಿ ತಿಳಿಯಾಗಿ ಬಂತು. ಅಳು ಮಾಯ!

"ಅಂದ್ರೆ ಅಮ್ಮ ಅಳ್ತಾನೇ ಇರ್ಲಿಲ್ವಾ? ನಾನು ಹೋಗಿದ್ದು ಅವಳಿಗೇನೂ ಅನ್ನಿಸ್ಲೇ ಇಲ್ವೇನೋ?" ಎಂದು ತಾವು ಅರ್ಧಕ್ಕೇ ಎದ್ದು ಹೋದಿರಿ. "ಇರೋದನ್ನ ಇದ್ದ ಹಾಗೆ ಬಿಡೋಕೆ ನಿಂಗೇನಪ್ಪ ರೋಗ, ಪುಣ್ಯಾತ್ಮ?" ಎಂದರು ಭಾವನವರು. ಅರ್ಜಿದಾರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

೪. ಆದರೆ ಮುಳ್ಳು ಈ ಸಲ ಜಾರಲಿಲ್ಲ. ಹಾಡು ಮುಗಿದ ಮೇಲೂ ಸ್ಟುಡಿಯೋದ ಯಂತ್ರ ಒಂದಿಷ್ಟು ಗೆರೆ ಕೊರೆದಿದ್ದು, ಅದನ್ನು ಇದುವರೆಗೆ ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. "ಇನ್ನೊಂದು ಹಾಡ್ತೀರಾಮ್ಮ?" ಎನ್ನುತ್ತಾನೆ ಸ್ಟುಡಿಯೋದವನು. ಅಮ್ಮ ಹೇಳುವುದು: "ಬೇಡಪ್ಪ, ಇಷ್ಟು ಹೊತ್ತು ತಡ್ಕೊಂಡಿದ್ದೇ ಹೆಚ್ಚು. ನಾನು ಅಳೋದು ಕೇಳಿಸ್ತು ಅಂದ್ರೆ ನನ್ನ ಮಗಳು ಓದು ಬಿಟ್ಟು ಓಡಿ ಬಂದ್ಬಿಡ್ತಾಳೆ."

ಇದನ್ನು ಅರ್ಜಿದಾರನ ಮಾತಿನ ಮೇಲೆ ನಂಬಬೇಕಾಗಿಲ್ಲ. ಆದ್ದರಿಂದ ತಾವು ದಯಮಾಡಿ ಒಮ್ಮೆ ಬಂದು, ಕೊನೆಯವರೆಗೂ ಕುರ್ಚಿಯಿಂದ ಏಳದೆ, ಅಮ್ಮನ ಬಾಯಲ್ಲೇ ಕೇಳತಕ್ಕದ್ದು. ಆಮೇಲೂ ಹಳೆಯ ಅಳುವೇ ಬೇಕೆಂದರೆ, ಅರ್ಜಿದಾರನು ಸ್ಕ್ರೂ ಸಡಿಲಿಸಿ ಮೊದಲಿನಷ್ಟೇ ಸೊಟ್ಟ ಮಾಡಿಕೊಡಲು ಬದ್ಧನಾಗಿರುತ್ತಾನೆ.

ಬೈದರೂ ತಮ್ಮ ವಿಶ್ವಾಸಿಯೇ ಆದ,
ತಮ್ಮ

ಅಡಕ: ಒಗೆದ ಕರವಸ್ತ್ರ ಒಂದು. ಇನ್ನೊಂದು, ಹಾಡನ್ನು ಕೊನೆಯವರೆಗೂ ಕೇಳಿದ ಭಾವನವರ ಬಳಿ ಉಳಿದಿದ್ದು, ಅದನ್ನು ವಾಪಸ್ ಕೊಡಿಸಬೇಕಾಗಿ ವಿನಂತಿ.