ನಮ್ಮ ಮನೆಯ ಮಗ್ಗಕ್ಕೆ ಮತದಾನ

ಪ್ರೇಮಕುಮಾರನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ! ಈ ಮಾತನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಿಕೊಳ್ಳಬೇಕಾಗಿದೆ. ಹೊಟ್ಟೆಪಾಡಿಗೆ ನಾನು ಹುನಗುಂದದ ಪತ್ತಿನ ಸಂಘವೊಂದರಲ್ಲಿ ಗುಮಾಸ್ತ, ನಿಜ. ಆದರೆ ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ ಹತ್ತಿ, ಸೀಟು ಹಿಡಿದು, ಮೊಬೈಲ್ ತೆಗೆದೆನೆಂದರೆ ಮುಗಿಯಿತು. ತಂತ್ರಜ್ಞಾನ ತಜ್ಞ, ಕಾನೂನು ಪಂಡಿತ, ರಾಜಕೀಯ ವಿಶ್ಲೇಷಕ, ಮೂವರೂ ನಾನೊಬ್ಬನೇ! ಕೃತಕ ಬುದ್ಧಿಮತ್ತೆಗೆ ಕಾನೂನಿನ ಮೂಗುದಾರ ಹಾಕಬೇಕೋ ಬೇಡವೋ? ಮೊಬೈಲಿನಲ್ಲೇ ಓಟು ಹಾಕುವ ಕಾಲ ಬಂದರೆ ದೇಶ ಉಳಿಯುತ್ತದೋ ಮುಳುಗುತ್ತದೋ? ಹುನಗುಂದ ಬರುವಷ್ಟರಲ್ಲಿ ಎರಡನ್ನೂ ತೀರ್ಮಾನ ಮಾಡಿ ಇಳಿದುಬಿಡುತ್ತೇನೆ.

ನನ್ನ ಈ ಪ್ರತಿಭೆಗೆ ವೇದಿಕೆ ಒದಗಿಸಿದ್ದು 'ಚರ್ಚಾ ಚಾವಡಿ' ಎಂಬ ಆನ್‌ಲೈನ್ ಗುಂಪು. ಬಾಗಲಕೋಟೆ, ಬಾದಾಮಿ, ಗುಳೇದಗುಡ್ಡದ ಕಡೆಯ ವಾದಪ್ರಿಯರೆಲ್ಲ ಅದರಲ್ಲಿದ್ದಾರೆ. ಅಡ್ಮಿನ್ ನನ್ನ ಗೆಳೆಯ ಖಾದರಬಾಷಾ. ಅವನದು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ಕಲ್ಲಿಗೆ ನುಣುಪು ಕೊಟ್ಟೂ ಕೊಟ್ಟೂ ಅವನ ಸ್ವಭಾವವೂ ನುಣುಪಾಗಿ, ಯಾರನ್ನೂ ಬೈಯುವುದಿಲ್ಲ. ಆ ಕೆಲಸಕ್ಕೆ ಬಾದಾಮಿಯ ವಕೀಲರೊಬ್ಬರಿದ್ದಾರೆ. ನಾನು ಏನೇ ಬರೆಯಲಿ, ಅದರ ಕೆಳಗೆ 'ಯಾವ ಕಾಯಿದೆ? ಯಾವ ಕಲಂ?' ಎಂದು ಕೇಳುತ್ತಾರೆ. ಶುಭೋದಯ ಎಂದರೂ ಕಲಂ ಕೇಳುವ ಆಸಾಮಿ!

ಪ್ರತಿ ರವಿವಾರ ಸಂಜೆ ಚಾವಡಿಯಲ್ಲಿ ಬಾಯಿಮಾತಿನ ಚರ್ಚೆ. ಅಲ್ಲಿ ನನ್ನ ಕಂಚಿನ ಕಂಠಕ್ಕೆ ಇದ್ದ ಒಂದೇ ಒಂದು ಶತ್ರುವೆಂದರೆ ನನ್ನ ಅವ್ವ ಶಾರವ್ವನ ಕುಣಿ ಮಗ್ಗ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನೆಲ ಅಗೆದು ಮಾಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತು ಅವ್ವ ಸೀರೆ ನೇಯುತ್ತಾಳೆ. ವಯಸ್ಸು ಎಪ್ಪತ್ತು ದಾಟಿದ್ದರೂ ಅವಳ ಲಾಳಿ ಇಲಿಮರಿಯಂತೆ ಅತ್ತಿಂದಿತ್ತ ಓಡುತ್ತದೆ. ನಾನು "ಸಂವಿಧಾನದ ಆಶಯ ಏನೆಂದರೆ" ಎನ್ನುತ್ತೇನೆ, ಮಗ್ಗ "ಖಟ್ ಪಟ್!" ಎನ್ನುತ್ತದೆ. ನಾನು "ಪ್ರಜೆಗಳ ಖಾಸಗಿ ಮಾಹಿತಿಯನ್ನು" ಎನ್ನುತ್ತೇನೆ, ಅದು ಮತ್ತೆ "ಖಟ್ ಪಟ್!" ಒಮ್ಮೆ ಬಾದಾಮಿಯ ವಕೀಲರು ಎಲ್ಲರ ಮುಂದೆ, "ಪ್ರೇಮಕುಮಾರ ಅವರು ಮಾತಾಡಾಕತ್ತಾರೋ, ಜ್ವಾಳ ಕುಟ್ಟಾಕತ್ತಾರೋ?" ಎಂದು ಕೇಳಿಬಿಟ್ಟರು. ಗುಂಪಿನ ತುಂಬ ನಗುವ ಮುಖಗಳ ಸುರಿಮಳೆ! ನನಗೆ ಮೈಯೆಲ್ಲ ಉರಿದುಹೋಯಿತು.

ಆ ಕ್ಷಣದಲ್ಲೇ ಭೀಷಣ ಪ್ರತಿಜ್ಞೆ ಮಾಡಿದೆ. ಮಗ್ಗ ಬಿಚ್ಚಿಸಬೇಕು, ತಗ್ಗು ಮುಚ್ಚಿಸಬೇಕು, ಆ ಕೋಣೆ ನನ್ನ ಸ್ಟುಡಿಯೋ ಆಗಬೇಕು! ಗೋಡೆಗೆ ಸಪ್ಪಳ ನುಂಗುವ ಸ್ಪಂಜು, ಹಿಂದೆ ದಪ್ಪ ದಪ್ಪ ಕಾನೂನು ಪುಸ್ತಕಗಳು, ನಡುವೆ ಮೈಕು, ಮೈಕಿನ ಹಿಂದೆ ನಾನು. ಕನ್ನಡಿಯ ಮುಂದೆ ನಿಂತು ಆ ದೃಶ್ಯವನ್ನು ಒಮ್ಮೆ ಅಭಿನಯಿಸಿಯೂ ನೋಡಿದೆ. ಬಹಳ ಚೆನ್ನಾಗಿ ಕಾಣುತ್ತಿದ್ದೆ.

ಮೊದಲು ಹೆಂಡತಿಯ ಹತ್ತಿರ ಪ್ರಸ್ತಾಪ ಇಟ್ಟೆ. ಜಯಶ್ರೀ ಸರ್ಕಾರಿ ಶಾಲೆಯ ಶಿಕ್ಷಕಿ.

"ಅತ್ತಿಯಾರ ಮಗ್ಗ ತಗಿಸಿ ಅಲ್ಲೇನ್ ಮಾಡ್ತೀರಿ?" ಎಂದಳು.

"ಚರ್ಚಾ ಮಾಡ್ತೇನಿ!"

"ಅದನ್ನ ಸಂಡಾಸದಾಗ ಕುಂತೂ ಮಾಡ್ತೀರಲ್ರಿ. ಅದಕ್ಯಾಕ ಬ್ಯಾರೆ ಖೋಲಿ?"

ಅವ್ವ ಮಾತ್ರ ಲಾಳಿ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು: "ನಿಮ್ಮಪ್ಪ ಹೋದಮ್ಯಾಲ ನಿನಗ ಸಾಲಿ ಕಲಿಸಿದ್ದು ಈ ಮಗ್ಗ ನೋಡೋ ಪ್ರೇಮ್ಯಾ. ಇದರ ಮುಂದ ಕುಂತ್ರ ನನಗ ಜೀವಕ್ಕ ಹಗರ ಅನಸ್ತೈತಿ. ನಾ ಇರೂತನಕ ಇದು ಇಲ್ಲೇ ಇರತೈತಿ." ಖಟ್ ಪಟ್!

ಒಳಗೆ ಎಲ್ಲೋ ಚುರ್ ಎಂದಿತು. ಆದರೆ ವಕೀಲರ ನಗು ನೆನಪಾಗಿ ಆ ನೋವನ್ನು ಅಲ್ಲೇ ಅದುಮಿದೆ.

ಮರುದಿನ ಬಸ್ಸಿನಲ್ಲಿ ಪ್ರಜಾಪ್ರಭುತ್ವದ ಮೇಲೆ ಘನಘೋರ ವಾದ. ಬಿಸಿಬಿಸಿಯಾಗಿದ್ದಾಗ ಬರೆದುಬಿಟ್ಟೆ: 'ಪ್ರಜಾಪ್ರಭುತ್ವ ಮನೆಯಿಂದ ಶುರುವಾಗಬೇಕು ಮಹನೀಯರೇ! ನಮ್ಮ ಮನೆಯಲ್ಲಿ ಸಣ್ಣ ತೀರ್ಮಾನವೂ ಮತದಾನದಿಂದಲೇ. ಸದ್ಯ ಒಂದು ಕೋಣೆಯ ಬಳಕೆಯ ಕುರಿತು ಮತದಾನ ನಡೆಯಲಿದೆ!' ಮೆಚ್ಚುಗೆಗಳು ಬಂದು ಬಿದ್ದವು ನೋಡಿ, ಮೊಬೈಲ್ ಬಿಸಿಯಾಯಿತು. ವಕೀಲರು ಮಾತ್ರ 'ಸಾಕ್ಷಿ ಏನೈತಿ?' ಎಂದರು. ನಾನು ಎದೆಯುಬ್ಬಿಸಿ 'ಬಂದು ನೋಡ್ರಿ!' ಎಂದೆ. ತಕ್ಷಣ ಖಾದರಬಾಷಾನ ಪ್ರಕಟಣೆ: 'ಬರುವ ರವಿವಾರ ಪ್ರೇಮಣ್ಣನ ಮನೆಯಿಂದ ಮತದಾನದ ನೇರಪ್ರಸಾರ! ತಪ್ಪದೆ ನೋಡಿ!'

ಇಳಿಯಬೇಕಾದ ಊರು ದಾಟಿ ಮುಂದೆ ಹೋಗಿದ್ದೆ. ಮರಳಿ ನಡೆದು ಬರುವಾಗ ಲೆಕ್ಕ ಹಾಕಿದೆ. ಮನೆಯಲ್ಲಿ ನಾಲ್ಕು ಮತ. ನಾನು ನನಗೆ, ಅವ್ವ ಮಗ್ಗಕ್ಕೆ. ಹೆಂಡತಿಯನ್ನೂ, ಈ ವರ್ಷವಷ್ಟೇ ಮತದಾರರ ಚೀಟಿ ಪಡೆದ ಮಗಳು ನೀಲಾಳನ್ನೂ ಒಲಿಸಿಕೊಂಡರೆ ಗೆಲುವು ನನ್ನದೇ. ಸಮಸಮ ಬಂದರೂ ಚೀಟಿ ಎತ್ತಬಹುದು. ಇಷ್ಟು ಮಂದಿ ಎದುರು ಗೆದ್ದರೆ ಆಮೇಲೆ ಅವ್ವ ಹೇಗೆ ಇಲ್ಲ ಎಂದಾಳು?

ಉಚಿತ ಕೊಡುಗೆಗಳ ವಿರುದ್ಧ ಚಾವಡಿಯಲ್ಲಿ ಮಾರುದ್ದದ ಲೇಖನ ಬರೆದವನು ನಾನೇ. ಅದೇ ಕೈಯಿಂದ ಮಗಳಿಗೆ ಹೊಸ ಮೊಬೈಲ್, ಹೆಂಡತಿಗೆ ಬಟ್ಟೆ ತೊಳೆಯುವ ಯಂತ್ರ ಘೋಷಿಸಿದೆ! ನೀಲಾ "ಥ್ಯಾಂಕ್ಸ್ ಪಪ್ಪಾ!" ಎಂದು ಕುಣಿದಳು. ಜಯಶ್ರೀ ಅನುಭವಿ ಮತದಾರಳು. "ಆಮ್ಯಾಲ ಅಂದ್ರ ನಡ್ಯೂದಿಲ್ಲ. ಓಟಿಗಿಂತ ಮೊದಲ ಮನಿಗೆ ಬರಬೇಕು," ಎಂದಳು. ಬಂದವು. ಎರಡೂ ಬಂದವು! ವಿರೋಧ ಪಕ್ಷದ ಅವ್ವ ಪ್ರಚಾರಕ್ಕೆ ಒಂದು ಮಾತೂ ಆಡಲಿಲ್ಲ. ಹೊಸ ಯಂತ್ರವನ್ನು ಸುತ್ತಿ ನೋಡಿ, "ಇದೂ ಭಾಳ ಸಪ್ಪಳ ಮಾಡ್ತೈತೇನ ಜಯಾ?" ಎಂದು ಕೇಳಿ ತನ್ನ ತಗ್ಗಿಗೆ ಇಳಿದಳು.

"ಮೊಬೈಲಿನ್ಯಾಗ ಓಟು ಮಾಡೋಣ, ಒಂದು ನಿಮಿಷದ ಕೆಲಸ," ಎಂದೆ ನಾನು.

"ಮೊಬೈಲ್ ಓಟು ನಂಬಬಾರದಂತ ನೀವ ಬರದಿದ್ರಿ. ಓದಿ ತೋರಸ್ಲೇನು?" ಎಂದಳು ಜಯಶ್ರೀ. "ಚೀಟಿ ಮ್ಯಾಲ ಮಾಡೋಣು, ಗುಪ್ತ ಮತದಾನ. ಪ್ರತಿ ಇಲೆಕ್ಷನ್ನಿಗೂ ನನ್ನ ಡ್ಯೂಟಿ ಹಾಕ್ತಾರ. ಇಲ್ಲೂ ಮತಗಟ್ಟಿ ಅಧಿಕಾರಿ ನಾನ. ನಡಸೂದಾದ್ರ ಕಾಯ್ದೆ ಪ್ರಕಾರ ನಡೀಬೇಕು, ಏನ್ರಿ?"

"ಕಾಯ್ದೆ ನನಗ ಹೇಳಾಕ ಬರ್ತಿಯೇನು?" ಎಂದು ಗಹಗಹಿಸಿ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ರವಿವಾರ ಬಂತು. ನಮ್ಮ ಮುಂದಿನ ಕೋಣೆ ಸಾಕ್ಷಾತ್ ಮತಗಟ್ಟೆ! ಮೂಲೆಗೆ ಹಳೆಯ ಇಳಕಲ್ ಸೀರೆಯೊಂದನ್ನು ಅಡ್ಡ ಕಟ್ಟಿ ಮರೆ ಮಾಡಿದ್ದರು. ಮತಪೆಟ್ಟಿಗೆಯ ಜಾಗದಲ್ಲಿ ಅವಲಕ್ಕಿ ಡಬ್ಬಿ. ಬೆರಳಿಗೆ ಹಚ್ಚಲು ನೂಲಿಗೆ ಹಾಕುವ ಬಣ್ಣ. ನೀಲಾ ಚೀಟಿಯ ಮೇಲೆ ಚಿಹ್ನೆ ಬರೆದಿದ್ದಳು: ಮಗ್ಗ ಉಳಿಯಬೇಕೆಂದರೆ ಲಾಳಿ, ಸ್ಟುಡಿಯೋ ಆಗಬೇಕೆಂದರೆ ಮೈಕು. ನನ್ನ ಮೈಕು ನೋಡಲು ಬದನೆಕಾಯಿಯಂತೆ ಇತ್ತು. ಆಕ್ಷೇಪಣೆ ಸಲ್ಲಿಸಿದೆ. ಅಧಿಕಾರಿಣಿ ತಳ್ಳಿಹಾಕಿದರು.

ಖಾದರಬಾಷಾ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಪ್ರಸಾರ ಶುರು ಮಾಡಿದ. "ಜಯಶ್ರೀ ವೈನಿ, ಜರಾ ಈ ಕಡೆ ನೋಡ್ರಿ. ಶಾರವ್ವಾರ, ನೀವು ನಗ್ರೀ!" ನೋಡುವವರ ಸಂಖ್ಯೆ ಏರತೊಡಗಿತು. ನಾನು ಇಸ್ತ್ರಿ ಅಂಗಿಯ ಕಾಲರ್ ಸರಿಮಾಡಿಕೊಂಡು ಭಾಷಣ ಬಿಗಿದೆ. ಗ್ರೀಸ್ ದೇಶದಿಂದ ಹೊರಟು, ಸಂವಿಧಾನ ಸಭೆ ಹಾಯ್ದು, ನಮ್ಮ ಓಣಿಯ ಗಟಾರದವರೆಗೆ ಬಂದಿದ್ದೆ, ಅಷ್ಟರಲ್ಲಿ "ಪ್ರಚಾರದ ಟೈಮ್ ಮುಗೀತು!" ಎಂದು ಜಯಶ್ರೀ ಶಾಲೆಯ ಸೀಟಿ ಊದಿದಳು.

ಮೊದಲು ಅವ್ವ. ಮಗ್ಗದ ಕಟ್ಟಿಗೆ ಹಿಡಿದು ತಗ್ಗಿನಿಂದ ಎದ್ದು, ಬೆರಳಿಗೆ ಬಣ್ಣ ಹಚ್ಚಿಸಿಕೊಂಡು ಮರೆಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. "ಯವ್ವಾ, ಲಾಳಿ ಚಿತ್ರ ಗೊತ್ತಾಗವಲ್ದೇನು?" ಎಂದು ನಾನು ಉದಾರವಾಗಿ ಕೇಳಿದೆ. "ಮತದಾರರಿಗೆ ಮಾತಾಡಿಸಬ್ಯಾಡ್ರಿ!" ಎಂದಳು ಅಧಿಕಾರಿಣಿ. ಅವ್ವ ಬಂದು ಚೀಟಿ ಹಾಕಿ, ಮತ್ತೆ ಮಗ್ಗಕ್ಕೆ ಇಳಿದು ಲಾಳಿ ಓಡಿಸತೊಡಗಿದಳು. ಆಮೇಲೆ ಜಯಶ್ರೀ, ಆಮೇಲೆ ನೀಲಾ. ಕೊನೆಗೆ ನಾನು!

ಮೈಕಿನ ಮೇಲೆ ಗುರುತು ಒತ್ತಿದೆ. ಆಗ ನನ್ನೊಳಗಿನ ಜನನಾಯಕ ಸುಮ್ಮನಿರಲಿಲ್ಲ. ಸೀರೆ ಸರಿಸಿ ಹೊರಬಂದವನೇ ಚೀಟಿ ಬಿಚ್ಚಿ ಮೊಬೈಲಿಗೆ ಹಿಡಿದು ಗುಡುಗಿದೆ: "ನೋಡ್ರಿ ಚಾವಡಿಯ ಬಂಧುಗಳೇ! ಮುಚ್ಚಿಟ್ಟು ಓಟು ಹಾಕೋ ಮನುಷ್ಯಾ ನಾನಲ್ಲ! ನನ್ನ ಮತ ಮೈಕಿಗೆ! ಎದಿ ತಟ್ಟಿ ಹೇಳ್ತೇನಿ, ಮೈಕಿಗೆ!"

ಖಾದರಬಾಷಾ ಚಪ್ಪಾಳೆಗೆ ಕೈ ಎತ್ತಿದವನು ಜಯಶ್ರೀಯ ಮುಖ ನೋಡಿ ಹಾಗೇ ಕೆಳಗಿಳಿಸಿದ. ಅವಳು ನನ್ನ ಕೈಯಿಂದ ಚೀಟಿ ಕಸಿದು, ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದಳು.

"ರದ್ದು!"

"ಏನ್ ರದ್ದು?"

"ನಿಮ್ಮ ಓಟು. ಗುಪ್ತ ಮತದಾನದಾಗ ಚೀಟಿ ತೋರಿಸಿದ್ರ ಅದು ಲೆಕ್ಕಕ್ಕ ಬರೂದಿಲ್ಲ."

"ಏ, ಇದು ನನ್ನ ಮನಿ!"

"ಐದು ಗಂಟೆತನಕ ಇದು ಮತಗಟ್ಟಿ."

ದಿಕ್ಕು ತೋಚದೆ ಮೊಬೈಲಿನ ಕಡೆ ನೋಡಿದೆ. ನೋಡಬಾರದಿತ್ತು. ಬಾದಾಮಿಯ ವಕೀಲರ ಸಾಲು ಮಿನುಗುತ್ತಿತ್ತು: 'ಮೇಡಂ ಮಾಡಿದ್ದು ನೂರಕ್ಕೆ ನೂರು ಸರಿ. ಪ್ರೇಮಕುಮಾರ ಅವರಿಗೆ ಕಲಂ ಬೇಕಾದರೆ ಹೇಳಿ, ಕಳಿಸುತ್ತೇನೆ.' ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಕಲಂ ಕೇಳುವ ಬದಲು ಕೊಡಲು ಬಂದಿದ್ದ!

ಎಣಿಕೆ ಶುರುವಾಯಿತು. ಖಾದರಬಾಷಾ ಒಂದೊಂದೇ ಚೀಟಿ ತೆಗೆದು ಮೊಬೈಲಿಗೆ ತೋರಿಸಿದ.

"ಲಾಳಿ!"

ನಾನು ಒಂದು ಬೆರಳು ಮಡಿಚಿದೆ.

"ಮೈಕು!"

"ಹೋ!" ಎಂದು ಜಿಗಿದೆ. ತಲೆ ಟ್ಯೂಬ್‌ಲೈಟಿಗೆ ಬಡಿಯಿತು. ನೋವು ಗೊತ್ತಾಗಲಿಲ್ಲ.

"ಲಾಳಿ! ಮಗ್ಗ ಗೆದ್ದೈತ್ರಪೋ!"

ಅಯ್ಯೋ ದೇವರೇ! ನನ್ನ ಸ್ವಂತ ಮತ ಉಳಿದಿದ್ದರೆ ಸಮಸಮ ಬಂದು ಚೀಟಿ ಎತ್ತಬಹುದಿತ್ತು. ನನ್ನ ಸ್ಟುಡಿಯೋವನ್ನು ನನ್ನ ಕೈಯಾರೆ ನಾನೇ ಕೆಡವಿಕೊಂಡಿದ್ದೆ. ಆದರೂ ಸೋತೆನೆಂದು ಮುಖ ಬಾಡಿಸುವ ಕುಲ ನನ್ನದಲ್ಲ. ಮೊಬೈಲಿನ ಎದುರು ನಿಂತು ಮಗಳ ಹೆಗಲ ಮೇಲೆ ಕೈಯಿಟ್ಟೆ.

"ಬಂಧುಗಳೇ, ಸೋತ್ರೂ ಒಂದು ಮತ ಬಂದೈತಿ! ಈ ಮನೀ ಯುವಶಕ್ತಿ ನನ್ನ ಬೆನ್ನಿಗೈತಿ!"

"ಪಪ್ಪಾ, ನಾ ಆಯಿ ಮಗ್ಗಕ್ಕ ಹಾಕೇನಿ," ಎಂದಳು ನೀಲಾ.

"ಮತ್ತ ಮೊಬೈಲು?" ಎಂದು ಪಿಸುಗುಟ್ಟಿದೆ. ಪಿಸುಮಾತನ್ನೂ ಹಿಡಿಯುವ ಮೈಕು ತಂದಿದ್ದ ಖಾದರಬಾಷಾ.

"ಅದು ತಗೊಂಡೇನಿ. ಓಟು ಹಾಕ್ತೇನಂತ ಯಾವಾಗ ಹೇಳೇನಿ?"

ಹಾಗಾದರೆ ಜಯಶ್ರೀ! ಕಣ್ಣು ತುಂಬಿ ಬಂತು. ಹೊರಗೆ ಎಷ್ಟು ಬಿರುಸಾಗಿದ್ದರೂ ಒಳಗೆ ನನ್ನವಳು ನನ್ನವಳೇ! "ಜಯಾ, ಕಡೀಗೂ ನೀ…" ಎಂದು ಎರಡೂ ಕೈ ಚಾಚಿದೆ.

"ನನ್ನ ಕಡೆ ಬರಬ್ಯಾಡ್ರಿ. ನಾನೂ ಲಾಳಿಗೇ ಹಾಕೇನಿ."

ಖಾದರಬಾಷಾ ನನ್ನನ್ನು ನೋಡಿದ, ನಾನು ಖಾದರಬಾಷಾನನ್ನು ನೋಡಿದೆ. ಆಗ ಮಗ್ಗದ ಸಪ್ಪಳ ನಿಂತಿತು.

"ನಾನ ಹಾಕೇನೆಪಾ," ಎಂದಳು ಅವ್ವ.

"ಯವ್ವಾ! ನಿನ್ನ ಮಗ್ಗ ತಗಿಯಾಕ ನೀನ ಓಟು ಹಾಕಿದೆಯಾ?"

"ಮತ್ತೇನ್ ಮಾಡ್ಲಿ? ಊರ ಮಂದಿ ನೋಡಾಕತ್ತಾರ. ನಿನ್ನ ಹೇಣ್ತಿ ಹಾಕೂದಿಲ್ಲ, ಮಗಳು ಹಾಕೂದಿಲ್ಲ, ನನಗ ಗೊತ್ತಿತ್ತು. ನಿನ್ನ ಓಟೂ ನೀ ಏನರ ಮಾಡಿ ಹಾಳ ಮಾಡ್ಕೋತಿ, ಅದೂ ಗೊತ್ತಿತ್ತು. ಹಡದಾಕಿ ಸೈತ ಹಾಕಲಿಲ್ಲಂದ್ರ ನಾಳೆ ಮಂದ್ಯಾಗ ಮಾರಿ ಹ್ಯಾಂಗ ತೋರಸ್ತಿದ್ದಿ?"

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಯಿಂದ ಎದೆ ತುಂಬಿತು, ನನ್ನ ಬುದ್ಧಿಗೆ ನಾಚಿಕೆಯೂ ಆಯಿತು. ಮಗ್ಗದ ಹತ್ತಿರ ಹೋಗಿ ನೆಲದ ಮೇಲೆ ಕೂತು ಮೆಲ್ಲಗೆ ಕೇಳಿದೆ:

"ಯವ್ವಾ, ಅಕಸ್ಮಾತ್ ನಾ ಗೆದ್ದಿದ್ರ? ಮಗ್ಗ ಬಿಚ್ಚಾಕ ಬಿಡ್ತಿದ್ದೇನು?"

ಅವ್ವ ಬಣ್ಣದ ಬೆರಳಿನಿಂದ ನನ್ನ ಕೆನ್ನೆ ಸವರಿ, ಲಾಳಿ ಕೈಗೆತ್ತಿಕೊಂಡಳು.

"ಹುಚ್ಚಪ್ಯಾ! ನೀ ಓಟು ಕೇಳಿದಿ, ಓಟು ಕೊಟ್ಟೇನಿ. ಮಗ್ಗಕ್ಕ ಕೈ ಹಚ್ಚಿದ್ರ ಕೈ ಮುರೀತಿದ್ನಿ!"