ಉಪ್ಪಿನ ಡಬ್ಬಕ್ಕೆ ಬಡ್ತಿ

ನಾನು ಹಿಡಿದದ್ದನ್ನು ಬಿಡುವವನಲ್ಲ! ಈ ಮಾತನ್ನು ನನ್ನ ಬಗ್ಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬೇರೆ ಯಾರೂ ಹೇಳದಿದ್ದರೆ ಇನ್ನೇನು ಮಾಡಲಿ? ಹೀಗಿರುವಾಗ, ಆಫೀಸಿನ ಪಕ್ಕದ ಮೇಜಿನ ಪುಸ್ತಕದ ಹುಳು, ಇಟ್ಟಿಗೆಗಿಂತ ದಪ್ಪನೆಯ ಕಾದಂಬರಿಯೊಂದನ್ನು ನನ್ನ ಕಣ್ಣೆದುರೇ ಮುಚ್ಚಿಟ್ಟು, "ಬಿಡಿ ಸಾರ್, ಇದು ನಿಮ್ಮಂಥವರಿಗಲ್ಲ" ಎಂದುಬಿಟ್ಟ.

"ನನ್ನಂಥವರು ಅಂದ್ರೆ?"

"ಔಷಧಿ ಬಾಟ್ಲಿ ಮೇಲಿನ ಚೀಟೀನೂ ಪೂರ್ತಿ ಓದದವರು. ಇದರಲ್ಲಿ ಇಡೀ ಪೊಲೀಸ್ ಇಲಾಖೆನೇ ಕೊಳೆತು ಹೋಗಿದೆ. ಒಂದು ಕೊಲೆ, ಅದನ್ನ ಮುಚ್ಚೋಕೆ ಇನ್ನೊಂದು, ಅದನ್ನ ಮುಚ್ಚೋಕೆ ಮತ್ತೊಂದು. ಯಾರು ಯಾರ ಕಡೆ ಅನ್ನೋದು ನನಗೇ ಎರಡು ಸಲ ಓದಿದ ಮೇಲೆ ತಿಳೀತು."

"ನನಗೆ ಒಂದೇ ಸಲ ಸಾಕು!" ಎಂದು ಗುಡುಗಿ, ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ವಿಜಯಿಯಂತೆ ಮನೆಗೆ ಬಂದೆ. ಕಂಕುಳು ಆಗಲೇ ನೋಯತೊಡಗಿತ್ತು.

ಓದು ಅಬ್ಬರದಿಂದ ಶುರುವಾಯಿತು. ಮೊದಲ ಅಧ್ಯಾಯದಲ್ಲಿ ಕಾಲುವೆಯಲ್ಲಿ ಹೆಣ ತೇಲಿತು. ಭೇಷ್! ಎರಡನೆಯದರಲ್ಲಿ ನಾಲ್ವರು ಇನ್‌ಸ್ಪೆಕ್ಟರುಗಳು ಒಬ್ಬರಾದ ಮೇಲೊಬ್ಬರು ಸಿಗರೇಟು ಹಚ್ಚಿದರು. ಐದನೆಯವನು ಆರಿಸಿದ. ಆರಿಸಿದವನು ಒಳ್ಳೆಯವನೇ, ಕೆಟ್ಟವನೇ? ಮೂರನೆಯದರಲ್ಲಿ ಒಬ್ಬನಿಗೆ ಬಡ್ತಿ, ಇನ್ನೊಬ್ಬನಿಗೆ ಎತ್ತಂಗಡಿ. ಬಡ್ತಿ ಪಡೆದವನನ್ನು ಅಲ್ಲಿಂದ ಮುಂದೆ ಎಲ್ಲರೂ ಹೊಸ ಹುದ್ದೆಯ ಹೆಸರಿನಿಂದ ಕರೆಯತೊಡಗಿದರು. ನಾನು ಅವನನ್ನು ಹೊಸಬನೆಂದು ತಿಳಿದು ಆದರದಿಂದ ಬರಮಾಡಿಕೊಂಡೆ. ಅರ್ಧ ಅಧ್ಯಾಯ ಮುಗಿದ ಮೇಲೆ, ಇವನು ಅದೇ ಹಳೇ ಖದೀಮ ಎಂದು ಗೊತ್ತಾಯಿತು!

ಓದಿನ ಪ್ರಭಾವ ಕೆಲಸದ ಮೇಲೂ ಆಯಿತು. ಲಿಫ್ಟ್ ಕಂಪನಿಯೊಂದರಲ್ಲಿ ದೂರಿನ ಫೋನು ಎತ್ತುವುದು ನನ್ನ ಉದ್ಯೋಗ. ಮರುದಿನ ಮಧ್ಯಾಹ್ನ ಒಬ್ಬ ಮಹಿಳೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಫೋನು ಮಾಡಿದರು. ನಾನು ಪುಟದಿಂದ ಕಣ್ಣು ತೆಗೆಯದೆ ಕೇಳಿದೆ: "ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ಯಾರು?"

"ಯಾರೂ ಕಳಿಸಿಲ್ಲ, ನಾನೇ ಗುಂಡಿ ಒತ್ತಿದೆ!"

"ಒತ್ತಿದ್ದೋ, ಒತ್ತಿಸಿದ್ದೋ? ಭಯಪಡಬೇಡಿ. ಮೇಲಿನವರ ಹೆಸರು ಹೇಳಿ."

"ಮೇಲಿನವರಾ? ಮೇಲಿನ ಮನೇಲಿ ಹಲ್ಲಿನ ಡಾಕ್ಟ್ರಿದ್ದಾರೆ. ರೀ, ಮೊದಲು ನನ್ನ ಇಳಿಸಿ!"

ಹಲ್ಲಿನ ಡಾಕ್ಟರನ್ನೂ ಸಂಶಯದಲ್ಲಿ ಇಟ್ಟುಕೊಂಡೇ ಮೆಕ್ಯಾನಿಕ್ಕನ್ನು ಕಳಿಸಿದೆ.

ಆದರೆ ನನ್ನ ನಿಜವಾದ ಸಂಕಟ ಬೇರೆ. ಇಷ್ಟೊಂದು ಪೊಲೀಸರನ್ನು ತಲೆಯಲ್ಲಿ ಇಟ್ಟುಕೊಳ್ಳಲು ನನ್ನ ತಲೆಯಲ್ಲಿ ಜಾಗವಿಲ್ಲ. ಆಗ ಅಡುಗೆಮನೆಯ ಕಪಾಟು ಕಣ್ಣಿಗೆ ಬಿತ್ತು. ಆಹಾ! ಸಾಲಾಗಿ ನಿಂತ ಡಬ್ಬಗಳು, ಪರೇಡಿಗೆ ನಿಂತ ಇಲಾಖೆಯಂತೆಯೇ! ತಡಮಾಡದೆ ಒಂದೊಂದಕ್ಕೂ ಚೀಟಿ ಅಂಟಿಸಿದೆ. ಸಕ್ಕರೆ: ಪ್ರಾಮಾಣಿಕ ಇನ್‌ಸ್ಪೆಕ್ಟರ್. ಉಪ್ಪು: ಲಂಚಕೋರ ಪೇದೆ. ಮೆಣಸು: ಸುಳ್ಳುಸಾಕ್ಷಿ. ಸಾಸಿವೆ: ಕೊಲೆಗಾರ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ಹಿಟ್ಟಿನ ದೊಡ್ಡ ಡಬ್ಬ: ಹೆಣ. ಕತೆ ಮುಂದೆ ಸಾಗಿದಂತೆ ಡಬ್ಬಗಳೂ ಸಾಗಿದವು. ಸುಳ್ಳುಸಾಕ್ಷಿ ಜೈಲಿಗೆ ಹೋದಾಗ ಮೆಣಸನ್ನು ಫ್ರಿಜ್ಜಿಗೆ ಹಾಕಿದೆ. ಹೆಣ ನೀರಲ್ಲಿ ಸಿಕ್ಕಿದ್ದಲ್ಲವೇ, ಅದನ್ನು ಬಚ್ಚಲಿನ ಬಕೆಟ್ಟಿನಲ್ಲಿ ತೇಲಿಬಿಟ್ಟೆ. ಕತೆಗೆ ನ್ಯಾಯ ಒದಗಿಸುವುದೆಂದರೆ ಹುಡುಗಾಟವೇ!

ಇಲ್ಲಿ ನನ್ನ ಮಡದಿಯ ವಿಷಯ ಹೇಳಬೇಕು. ಅವಳಿಗೆ ವಿಮಾನ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕೂತು ಪ್ರಕಟಣೆ ಹೇಳುವ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ, ಮುಕ್ಕಾಲು ಸಿಕ್ಕಿತ್ತು. ಪೊಲೀಸರು ಮನೆಗೆ ಬಂದು ವಿಚಾರಿಸಿ, "ಈ ಮನೆಯವರು ಸರಿಯಾದವರು" ಎಂದು ಬರೆದುಕೊಡುವುದು ಬಾಕಿಯಿತ್ತು. ಮಗಳನ್ನು ಬೆಳೆಸಿ, ಅವಳು ಕೆಲಸ ಹಿಡಿದು ಬೇರೆ ಮನೆ ಮಾಡಿದ ಮೇಲೆ ಮಡದಿ ತನಗಾಗಿ ಆಸೆಪಟ್ಟ ಮೊದಲ ಕೆಲಸವದು. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. ಮನೆಯಲ್ಲೂ ಅದೇ ರಾಗ: "ದಯವಿಟ್ಟು ಗಮನಿಸಿ. ಊಟಕ್ಕೆ ಇದು ಕೊನೆಯ ಕರೆ."

ಭಾನುವಾರ ಬೆಳಿಗ್ಗೆ ಬಚ್ಚಲಿಂದ ಪ್ರಕಟಣೆ ಬಂತು, ಆದರೆ ಅಷ್ಟು ಮೃದುವಾಗಿರಲಿಲ್ಲ.

"ರೀ! ಬಕೆಟ್ಟಲ್ಲಿ ಹಿಟ್ಟಿನ ಡಬ್ಬ ಯಾಕಿದೆ?"

"ಮುಟ್ಟಬೇಡ! ಇನ್ನೂ ಪಂಚನಾಮೆ ಆಗಿಲ್ಲ!"

"ನಿಮಗೆ ಮೊದಲು ಮಾಡಿಸ್ತೀನಿ ಪಂಚನಾಮೆ! ಇವತ್ತು ಪೊಲೀಸ್ನೋರು ಬರ್ತಾರೆ, ನೆನಪಿದೆ ತಾನೆ? ಅವರೆದುರು ಬಾಯಿ ಬಿಟ್ರೆ ನೋಡಿ!"

ಪೊಲೀಸರು! ಅರ್ಧ ಪುಸ್ತಕ ಓದಿದ ನನಗೆ ಅವರ ಒಳಮರ್ಮವೆಲ್ಲ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಬರಲಿ, ಈ ಮನೆಯಲ್ಲಿ ಅವರ ಆಟ ನಡೆಯದು! ಆ ಆವೇಶದಲ್ಲೇ ಇನ್ನೊಂದು ಅಧ್ಯಾಯ ಮುಗಿಸಿದೆ. ಅಯ್ಯೋ ಅನ್ಯಾಯವೇ! ಪ್ರಾಮಾಣಿಕ ಇನ್‌ಸ್ಪೆಕ್ಟರನ್ನು ಗಡಿಯ ಠಾಣೆಗೆ ಎತ್ತಿಹಾಕಿ, ಅವನ ಕುರ್ಚಿಯಲ್ಲಿ ಲಂಚಕೋರ ಪೇದೆಯನ್ನೇ ಕೂರಿಸಿಬಿಟ್ಟರು! ಭಾರವಾದ ಹೃದಯದಿಂದ ಸಕ್ಕರೆಯನ್ನು ಅಟ್ಟಕ್ಕೆ ವರ್ಗ ಮಾಡಿ, ಒಲೆಯ ಪಕ್ಕದ ಅದರ ಜಾಗದಲ್ಲಿ ಉಪ್ಪನ್ನು ಇಟ್ಟೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವರು ನಡುವಯಸ್ಸಿನ ಪೇದೆ. ಮಳೆಯಲ್ಲಿ ನೆನೆದು ಬಂದಿದ್ದರು. ಕುರ್ಚಿಯಲ್ಲಿ ಕೂತವರೇ ಎರಡೂ ಅಂಗೈ ಉಜ್ಜುತ್ತಾ ನನ್ನತ್ತ ನೋಡಿ ನಕ್ಕರು. "ಅಬ್ಬಾ! ಮೊದಲು ಸ್ವಲ್ಪ ಕೈ ಬೆಚ್ಚಗಾಗ್ಬೇಕು ಸಾರ್."

ನೋಡಿದಿರಾ! ಬಂದು ಒಂದು ಗಳಿಗೆಯಾಗಿಲ್ಲ, ಆಗಲೇ ಕೈ ಬೆಚ್ಚಗಾಗಬೇಕಂತೆ! ನಾನು ಹಲ್ಲು ಕಚ್ಚಿದೆ. ಮಡದಿ, "ಟೀ ತರ್ತೀನಿ ಸಾರ್, ಏನಾದ್ರೂ ತಿಂತೀರಾ?" ಎಂದಳು.

"ಬೇಡಮ್ಮಾ. ಸ್ಟೇಷನ್ನಲ್ಲೇ ಚೆನ್ನಾಗಿ ತಿಂದ್ಕೊಂಡು ಬಂದೆ. ಎಲ್ಲರೂ ಹಂಚ್ಕೊಂಡು ತಿಂದ್ವಿ. ದೊಡ್ಡ ಪಾಲು ಸಾಹೇಬ್ರಿಗೆ!"

ಎಂಥ ಧೈರ್ಯ! ಕಾದಂಬರಿಯ ಖದೀಮರಾದರೂ ಇಂಥದ್ದನ್ನು ಕತ್ತಲಲ್ಲಿ ಪಿಸುಗುಟ್ಟುತ್ತಿದ್ದರು! "ಅಂದ್ರೆ... ಇದು ಯಾವಾಗಲೂ ನಡೆಯುತ್ತಾ?" ಎಂದು ಜಾಣತನದಿಂದ ಬಾಯಿ ಬಿಡಿಸಲು ನೋಡಿದೆ.

"ಅಯ್ಯೋ, ನಮ್ಮಲ್ಲಿ ಇದೆಲ್ಲ ಮಾಮೂಲು ಸಾರ್!"

ಮಾಮೂಲು! ಆ ಪದವನ್ನೇ ಬಳಸಿಬಿಟ್ಟರು! ಮೇಲಾಗಿ ಆ ಗಳಿಗೆಯಲ್ಲೇ ಅವರ ಪೆನ್ನು ಜಾರಿತು. ಅವರು ಬಗ್ಗಿ, ನನ್ನ ಮೊಣಕಾಲ ಹತ್ತಿರ ಮೇಜಿನ ಕೆಳಗೆ ಕೈ ಚಾಚಿದರು. ನನಗೆ ಪೆನ್ನು ಕಾಣಲಿಲ್ಲ. ಕಂಡದ್ದು ಅಂಗೈ ಮಾತ್ರ. ಮೇಜಿನ ಕೆಳಗೆ, ಅಗಲವಾಗಿ ಬಿಚ್ಚಿದ ಅಂಗೈ! ನಾನು ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕೂತೆ.

ಮಡದಿ ಟೀ ತಂದಳು. ಇಷ್ಟು ವರ್ಷದ ಅಭ್ಯಾಸ, ಒಲೆಯ ಪಕ್ಕದ ಡಬ್ಬಕ್ಕೆ ನೋಡದೆಯೇ ಕೈ ಹಾಕುವವಳು ಅವಳು. ಬಂದವರು ಕೆಲಸ ಕೊಡಿಸುವವರೆಂದು ಒಂದು ಚಮಚ ಜಾಸ್ತಿಯೇ ಹಾಕಿದ್ದಳಂತೆ. ಪೇದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದೊಡ್ಡದೊಂದು ಗುಟುಕು ಎಳೆದರು. ಕಣ್ಣು ತೆರೆಯಿತು. ಮುಖ ಮೊದಲು ಕೆಂಪಾಯಿತು, ಆಮೇಲೆ ಹಸಿರು, ಆಮೇಲೆ ನಾನು ಎಲ್ಲೂ ನೋಡಿರದ ಒಂದು ಬಣ್ಣ. ಗಂಟಲು ಹಿಡಿದುಕೊಂಡು ನನ್ನತ್ತ ಕೈ ಚಾಚಿ, "ಕೊಡಿ... ಬೇಗ ಕೊಡಿ ಸಾರ್..." ಎಂದು ಗೊರಗುಟ್ಟಿದರು.

ಇತಿಹಾಸ ಕಾಯುತ್ತಿದ್ದ ಗಳಿಗೆ ಇದೇ! ನಾನು ಎದ್ದು ನಿಂತೆ. ಕುರ್ಚಿಯ ಮೇಲೆ ಕಾಲಿದ್ದುದರಿಂದ ಕುರ್ಚಿಯ ಮೇಲೆಯೇ ನಿಂತೆ.

"ಕೊಡೋದಿಲ್ಲ! ಒಂದು ಕಾಸೂ ಹುಟ್ಟೋದಿಲ್ಲ ಈ ಮನೇಲಿ! ನೀವು ತಿಂದದ್ದು, ಸಾಹೇಬರು ತಿಂದದ್ದು, ಎಲ್ಲ ನನಗೆ ಗೊತ್ತು! ಏನು ಬೇಕಾದ್ರೂ ಬರ್ಕೊಳ್ಳಿ, ನಾವು ಬಗ್ಗೋರಲ್ಲ!"

"ನೀರು... ಸ್ವಾಮೀ... ನೀರು!"

ಉತ್ತರಕ್ಕೆ ಕಾಯದೆ ಅವರೇ ಅಡುಗೆಮನೆಗೆ ಓಡಿದರು. ಗಟಗಟ ನೀರು ಕುಡಿದ ಸದ್ದು. ಆಮೇಲೆ, ಒಂದೊಂದೇ ಅಕ್ಷರ ಕೂಡಿಸಿ ಓದುವ ದನಿ: "ಲಂ-ಚ-ಕೋ-ರ ಪೇದೆ..."

ಮಡದಿ ಹಣೆ ಚಚ್ಚಿಕೊಂಡು ಒಳಗೆ ಓಡಿದಳು. ಹಿಂದೆಯೇ ನಾನು. ಪೇದೆ ಕಪಾಟಿನ ಮುಂದೆ ಸಾಸಿವೆ ಡಬ್ಬವನ್ನು ಹಿಡಿದು ನಿಂತಿದ್ದರು. ಈಗ ಅವರ ಮುಖದಲ್ಲಿ ನಗೆಯಿರಲಿಲ್ಲ.

"ಕೊಲೆಗಾರ ಅಂತ ಬರೆದಿದೆ. ಏನಮ್ಮಾ ಇದು? ಕೊಲೆಗಾರ ಇಲ್ಲಿದ್ರೆ, ಹೆಣ ಎಲ್ಲಿ?"

ನನ್ನ ಮಡದಿಗೆ ತಾಳ್ಮೆಯೆಂಬುದು ಆ ಬೆಳಿಗ್ಗೆಯೇ ಮುಗಿದುಹೋಗಿತ್ತು. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು: "ಬಚ್ಚಲಲ್ಲಿದೆ ಸಾರ್. ಬಕೆಟ್ಟಲ್ಲಿ ಹಾಕಿದ್ದಾರೆ ಇವ್ರು. ಬೆಳಿಗ್ಗೆ ಎತ್ತೋಕೆ ನೋಡಿದೆ, ಭಾರ, ಆಗ್ಲಿಲ್ಲ."

ಪೇದೆ ಒಂದು ಹೆಜ್ಜೆ ಹಿಂದೆ ಸರಿದರು. ನನ್ನನ್ನು ನೋಡಿದರು. ನಾನು ಧೈರ್ಯ ತುಂಬಲೆಂದು ನಕ್ಕೆ. ನಗಬಾರದಿತ್ತು. ಅವರು ಲಾಠಿ ಮುಂದೆ ಹಿಡಿದು, ಗೋಡೆಗೆ ಬೆನ್ನು ಒರಸುತ್ತಾ ಬಚ್ಚಲಿನತ್ತ ನಡೆದರು. ಲಾಠಿಯಿಂದ ಮುಚ್ಚಳ ಮೀಟಿದ ಸದ್ದು. ಟಪ್! ಆಮೇಲೊಂದು ಭಯಂಕರ ಸೀನು.

ಹೊರಬಂದವರು ಬೇರೆಯೇ ಮನುಷ್ಯ. ಮೀಸೆ, ಹುಬ್ಬು, ಟೋಪಿ, ಎಲ್ಲ ಬಿಳುಪು. ಇಲಾಖೆಯಲ್ಲಿ ಅಷ್ಟು ಶುಭ್ರವಾದ ಪೊಲೀಸನನ್ನು ನನ್ನ ಕಾದಂಬರಿಕಾರ ಕಲ್ಪಿಸಿಯೂ ಇರಲಾರ!

ಮಡದಿ ಕಾದಂಬರಿ ತಂದು ಅವರ ಮುಂದಿಟ್ಟಳು. ನಡೆದದ್ದೆಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. ಕೊನೆಗೆ ಅವಳು, "ಈ ಕೆಲಸ ನನಗೆ ತುಂಬಾ ಬೇಕಾಗಿತ್ತು ಸಾರ್," ಎಂದಾಗ ನನ್ನ ವೀರಾವೇಶವೆಲ್ಲ ಗಾಳಿ ಬಿಟ್ಟ ಚಕ್ರದಂತೆ ಕುಸಿಯಿತು. ಇಡೀ ಇಲಾಖೆಯನ್ನು ಸರಿಪಡಿಸಲು ಹೋಗಿ ಇವಳ ಕೆಲಸಕ್ಕೇ ಕಲ್ಲು ಹಾಕಿದೆನಲ್ಲ!

"ತಪ್ಪೆಲ್ಲ ನನ್ನದು ಸಾರ್," ಎಂದೆ. "ಆದ್ರೆ ನೀವೇ ಹೇಳಿದ್ರಿ, ಹಂಚ್ಕೊಂಡು ತಿಂದ್ವಿ ಅಂತ..."

"ಕೇಕ್ ರೀ! ಸಾಹೇಬ್ರ ಹುಟ್ಟುಹಬ್ಬ! ನಮ್ಮಲ್ಲಿ ಯಾರ ಹುಟ್ಟುಹಬ್ಬ ಬಂದ್ರೂ ಕೇಕ್ ಮಾಮೂಲು!" ಎಂದು ಅವರು ಮೀಸೆ ಝಾಡಿಸಿದರು. ಮತ್ತೊಮ್ಮೆ ಹಿಟ್ಟಿನ ಮೋಡ ಎದ್ದಿತು. ಆ ಮೋಡದೊಳಗಿಂದ ಮೊದಲು ಒಂದು ಸೀನು ಬಂತು, ಹಿಂದೆಯೇ ನಗು ಬಂತು. ನಗು ನಿಲ್ಲಲೇ ಇಲ್ಲ. ಕೊನೆಗೆ ಕಣ್ಣೊರಸಿಕೊಂಡು ಪೆನ್ನು ತೆಗೆದರು.

"ನಿಮ್ಮ ಬಗ್ಗೆ ನನಗೇನೂ ತಕರಾರಿಲ್ಲಮ್ಮಾ. ಇಂಥ ಮನೇಲಿದ್ಕೊಂಡೂ ಸಮಾಧಾನವಾಗಿ ಮಾತಾಡ್ತೀರಿ, ವಿಮಾನ ತಡವಾದಾಗ ಜನರಿಗೆ ಹೇಳೋಕೆ ನಿಮಗಿಂತ ಯೋಗ್ಯರು ಸಿಗಲ್ಲ. ಒಂದೇ ಒಂದು ಪ್ರಶ್ನೆ ಉಳಿದಿದೆ. ನಿಮ್ಮನ್ನೇ ನಂಬ್ಕೊಂಡಿರೋರು, ನೀವೇ ನೋಡ್ಕೋಬೇಕಾದವರು ಮನೇಲಿ ಯಾರಾದ್ರೂ ಇದ್ದಾರಾ?"

ಕಳೆದ ಮಾನವನ್ನು ಸ್ವಲ್ಪವಾದರೂ ಮರಳಿ ಪಡೆಯಲು ನಾನೇ ಮುಂದೆ ಬಂದೆ. "ಯಾರೂ ಇಲ್ಲ ಸಾರ್. ಮಗಳೂ ದುಡೀತಾಳೆ. ಇಲ್ಲಿರೋದು ನಾವಿಬ್ಬರೇ!"

ಪೇದೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ಒಬ್ಬರು" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು. ಆಮೇಲೆ ನನ್ನನ್ನು ಬಿಟ್ಟು ಮಡದಿಯತ್ತ ತಿರುಗಿದರು.

"ಇವ್ರ ವಯಸ್ಸೆಷ್ಟಮ್ಮಾ?"

ಮಡದಿ ಗಂಟಲು ಸರಿಪಡಿಸಿಕೊಂಡು ಕೇಳಿದಳು:

"ಯಾವುದನ್ನ ಹೇಳ್ಲಿ ಸಾರ್? ಮೈಗಾಗಿರೋದನ್ನೋ, ಬುದ್ಧಿಗಾಗಿರೋದನ್ನೋ?"