ಮಾವನ ಕ್ಯಾಮೆರಾ, ಮಾಸ್ತರ ಮೂರು ಹಾಡು

ಎಲ್ಲಿ ಅಂಜಬಾರದೋ ಅಲ್ಲೇ ಅಂಜಿ, ನಾಕು ಮಂದಿ ಮುಂದ ಮರ್ಯಾದಿ ಕಳಕೊಳ್ಳೋದು ನನಗ ಹುಟ್ಟಿನಿಂದ ಬಂದೈತಿ.

ಎಂಬತ್ತರ ದಶಕ. ಬಳ್ಳಾರಿಗೆ ವಿಡಿಯೊ ಹೊಸದು. ಸತ್ಯನಾರಾಯಣಪೇಟೆದಾಗ ನಂದೊಂದು ಫೋಟೊ ಸ್ಟುಡಿಯೊ. ಮೋಕಾ ಊರಿನ ಸಾಲಿ ಮಾಸ್ತರೊಬ್ರು ಚಲೋ ಹಾಡ್ತಿದ್ರು. ಮೂರು ಹಾಡಿನ ಕ್ಯಾಸೆಟ್ ತಂದು, "ಒಂದೊಂದಕ್ಕೂ ತಕ್ಕಂಥ ಸೀನು ಯೋಚನಿ ಮಾಡಿ ವಿಡಿಯೊ ತೆಗೀರಿ" ಅಂದ್ರು. ಕ್ಯಾಮೆರಾ ಇದ್ದಿದ್ದು ಪಾರ್ವತಿನಗರದ ನಮ್ಮ ಮಾವನ ಹತ್ರ. ಅವರು ನನ್ನನ್ನೂ ಮಾಸ್ತರನ್ನೂ ಎದುರಿಗೆ ನಿಲ್ಲಿಸಿ, "ಮಗಳನ್ನ ಕೊಡಬೇಕಾದ್ರೂ ನಾ ಇಷ್ಟು ಅಂಜಿರಲಿಲ್ಲ. ಇದಕ್ಕೊಂದು ಗೀರು ಬಿದ್ರ ನಮ್ಮನಿಗೆ ಬರಬ್ಯಾಡ್ರಿ" ಅಂತ ಹೇಳೇ ಕೊಟ್ರು.

೧. ಪ್ರೇಮಗೀತೆ

ಪ್ರೇಮಕ್ಕ ಹಸಿರು ಬೇಕಂತ ಸಿರುಗುಪ್ಪದ ಭತ್ತದ ಗದ್ದಿಗೆ ಹೋದ್ವಿ. ಬದುವಿನ ಮ್ಯಾಲೆ ಮೂರು ಕಾಲಿನ ಸ್ಟ್ಯಾಂಡ್ ಊರಿದ್ದಷ್ಟೇ, ಗದ್ದಿ ಯಜಮಾನ ಬಡಿಗಿ ಹಿಡಕೊಂಡು ಓಡಿ ಬಂದ. ಕಾಲುವಿ ತೋಡಾಕ ಸರ್ವೆಯವರು ಬಂದಾರಂತ ತಿಳಕೊಂಡಿದ್ದ. ನಾನು ಕ್ಯಾಮೆರಾ ತಬ್ಬಿಕೊಂಡು, "ಪ್ರೇಮಗೀತೆರೀ ಯಜಮಾನ್ರ, ಬರೇ ಪ್ರೇಮಗೀತೆ!" ಅಂತ ಚೀರಿದೆ.

ಅವನ ಮುಖ ಇನ್ನೂ ಬಾಡ್ತು. "ಅದೇನರ ಇರಲಿ ಸಾಹೇಬ್ರ, ಅದಕ್ಕ ನಂದೆಷ್ಟು ಎಕರೆ ಹೋಗತೈತಿ, ಅಷ್ಟು ಹೇಳ್ರಿ."

೨. ಭಕ್ತಿಗೀತೆ

ಭಕ್ತಿಗೆ ಎತ್ತರ ಬೇಕಂತ ಬಳ್ಳಾರಿ ಗುಡ್ಡ ಹತ್ತಿದ್ವಿ. ಮಟಮಟ ಮಧ್ಯಾಹ್ನ, ಕಾದ ಬಂಡಿಗಲ್ಲು, ಮಾಸ್ತರದು ಬರಿಗಾಲು. ಛತ್ರಿ ಒಂದೇ ಇತ್ತು, ಅದನ್ನ ಕ್ಯಾಮೆರಾಕ್ಕ ಹಿಡಿದಿದ್ದೆ.

"ಕಾಲು ಸುಡಾಕ ಹತ್ಯಾವ್ರಿ!" ಅಂದ್ರು ಮಾಸ್ತರು, ಕುಣಕೊಂತ.

"ಕಾಲು ಸುಟ್ರ ನೀವು ಸಾಲಿಗೆ ರಜಾ ಹಾಕಬಹುದು ಮಾಸ್ತರ. ಈ ಕ್ಯಾಮೆರಾ ಸುಟ್ರ ನಾ ಎಲ್ಲಿಗೆ ಹೋಗ್ಲಿ?"

೩. ತತ್ವಪದ

ಇದು ದೇಹ ನಶ್ವರ ಅನ್ನೋ ಹಾಡು. ನಮ್ಮ ಕಡಿ ಹೆಣಾನ್ನ ಕೂಡಿಸಿ ಸಿಂಗರಿಸ್ತಾರಲ್ಲ, ಹಂಗ ಮಾಸ್ತರನ್ನೇ ಕೂಡಿಸೋದಂತ ಯೋಚನಿ ಮಾಡಿದೆ. ಕುರುಗೋಡದಾಗ ಬೇವಿನಮರದ ಕಟ್ಟಿ ಮ್ಯಾಲೆ ಕೂಡಿಸಿ, ಹಣಿ ತುಂಬ ಇಬತ್ತಿ ಬಳದು, ನೀರಾಗ ತೊಯ್ಸಿದ ಹೂವಿನ ಹಾರ ಹಾಕಿ, ಮುಂದ ಲೋಬಾನ ಇಟ್ಟು, "ಉಸಿರು ಬಿಗಿಹಿಡೀರಿ" ಅಂತ ಹೇಳಿ ಕ್ಯಾಮೆರಾ ಚಾಲೂ ಮಾಡಿದೆ. ಕರಕೊಂಡು ಹೋಗಿದ್ದ ಭಜನಿಯವರು ತಾಳ ಹಿಡಿದ್ರು.

ತಾಳದ ಸಪ್ಪಳಕ್ಕ ಓಣಿ ಮಂದೆಲ್ಲ ಬಂತು. ಚಪ್ಪಲಿ ಬಿಟ್ಟು, ಕೈ ಮುಗದು ನಿಂತ್ರು. ಒಬ್ಬ ಮುದುಕಿ ಮಾಸ್ತರ ಗಲ್ಲ ಹಿಡದು, "ಯಾ ತಾಯಿ ಮಗನೋ ಎಪ್ಪಾ, ಎಷ್ಟು ಚಂದ ಕುಂತೀಯೋ!" ಅಂತ ಅಳಾಕ ಹತ್ತಿದ್ಳು. ಎಲ್ಲಾರೂ ಅತ್ರು. ಮಾಸ್ತರು ಮಾತ್ರ ಅಲ್ಲಾಡಲಿಲ್ಲ.

ಹತ್ರ ಹೋಗಿ, "ಮಾಸ್ತರ..." ಅಂದೆ. ಕೈ ಮುಟ್ಟಿದೆ, ತಣ್ಣಗಿತ್ತು. ಅಯ್ಯಯ್ಯೋ, ಉಸಿರು ಹಿಡೀರಿ ಅಂತ ಹೇಳಿ ಮನಷಾನ್ನ ಕೊಂದೇಬಿಟ್ನಲ್ಲಪಾ! ಅವರ ಹೆಂಡ್ತಿಗೆ ಏನಂತ ಹೇಳ್ಲಿ?

ಅಷ್ಟರಾಗ ಲೋಬಾನದ ಹೊಗಿ ಮೂಗಿಗೆ ಹೊಕ್ಕು ಹೆಣ ಸೀನಿತು. ಎದ್ದು ನಿಂತು, "ನಿದ್ದಿ ಹತ್ತಿತ್ತು ನೋಡ್ರಿ" ಅಂತು.

ಮಂದಿ ದಿಕ್ಕಾಪಾಲಾಗಿ ಓಡಿತು. ನನಗ ಬಸ್ ಸ್ಟ್ಯಾಂಡ್ ಮುಟ್ಟಿದ ಮ್ಯಾಲೆ ಕ್ಯಾಮೆರಾ ನೆನಪಾತು. ತಿರುಗಿ ಹೋದ್ರ ಕ್ಯಾಮೆರಾನೂ ಇಲ್ಲ, ಹೆಣಾನೂ ಇಲ್ಲ.

ಮಾವಗ ಹೇಳಾಕ ಪಾರ್ವತಿನಗರಕ್ಕ ಹೋದೆ. ಮಾಸ್ತರು ಇಬತ್ತಿ ಸಮೇತ ಕುಂತು ಚಾ ಕುಡೀತಿದ್ರು. ಅವರು ತಂದು ಒಪ್ಪಿಸಿದ ಕ್ಯಾಮೆರಾ ಮಾವನ ತೊಡಿ ಮ್ಯಾಲಿತ್ತು, ಒಂದು ಗೀರಿಲ್ಲ. ಟಿವಿಯಾಗ ನಮ್ಮ ಸೀನು ನಡದಿತ್ತು: ಹೆಣ ಏಳತೈತಿ. ಎಲ್ಲಾರಗಿಂತ ಮೊದಲು, ಆ ಮುದುಕೀನ ದಾಟಿ, ನಾನು ಓಡಾಕ ಹತ್ತೀನಿ.

ಮಾವ ನನ್ನ ಮುಖ ನೋಡಿ ಅಂದ್ರು: "ಅಳಿಯಂದ್ರ, ಇನ್ನೊಮ್ಮೆ ಕ್ಯಾಮೆರಾ ಬೇಕಾದ್ರ ನೀವು ಬರಬ್ಯಾಡ್ರಿ. ಹೆಣಾನ್ನ ಕಳಸ್ರಿ."